ಇಬ್ಬರಿಗೆ ಸಾಕಾಗುವ ಪರದೆ

ಹಳೆಯ ಮಾನಿಟರಿನದು ಸಹಜ ಸಾವಲ್ಲ, ಕೊಲೆ. ಕೊಂದವನು ಮೇಸ್ತ್ರಿ, ಆಯುಧ ಅವನ ಬಲಗೈ ಮುಷ್ಟಿ, ಕಣ್ಣಾರೆ ಕಂಡ ಸಾಕ್ಷಿ ಅವನ ಒಡಹುಟ್ಟಿದ ತಂಗಿ.

ರಜೆಯ ಮಧ್ಯಾಹ್ನ ಅಣ್ಣತಂಗಿಯರು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಕೂತು ವಿಮಾನ ಇಳಿಸುತ್ತಿದ್ದರು. ನಿಜವಾದ ವಿಮಾನವಲ್ಲ, ಕಂಪ್ಯೂಟರಿನದು. ಆದರೆ ಅದನ್ನು ಆಟ ಎಂದವರ ಜೊತೆ ಮೇಸ್ತ್ರಿ ಮಾತು ಬಿಡುತ್ತಿದ್ದ. ಪರದೆಯಲ್ಲಿ ರನ್‌ವೇ, ಜೋರು ಅಡ್ಡಗಾಳಿ, ವಿಮಾನದ ಮೂಗು ಒಂದು ಕಡೆ, ಅದು ಹೋಗುತ್ತಿರುವುದು ಇನ್ನೊಂದು ಕಡೆ. ಹಾರಿಸುತ್ತಿದ್ದವಳು ತಂಗಿ, ಸರಿಯಾಗಿಯೇ ಹಾರಿಸುತ್ತಿದ್ದಳು. ಮೇಸ್ತ್ರಿಗೆ ತಡೆಯಲಾಗಲಿಲ್ಲ. ತನ್ನ ಮುಂದಿದ್ದ, ವಿಮಾನ ನಡೆಸುವ ಹಿಡಿಯನ್ನು ಹೇಳದೆ ಕೇಳದೆ ಎಳೆದುಬಿಟ್ಟ. ವಿಮಾನ ನೆಲಕ್ಕೆ ಬಡಿದು, ಪುಟಿದು, ರೆಕ್ಕೆ ಮುರಿದುಕೊಂಡು ಹುಲ್ಲಿನಲ್ಲಿ ಮಗುಚಿಕೊಂಡಿತು. ತಪ್ಪು ತನ್ನದೇ ಎಂದು ಗೊತ್ತಾದಾಗಲೇ ಅವನಿಗೆ ಕೋಪ ನೆತ್ತಿಗೇರುವುದು. ಗುದ್ದಿದ. ಗಾಜು ಬಿರುಕುಬಿಟ್ಟಿತು. ಇನ್ನೊಂದು ಗುದ್ದಿಗೆ ಮಾನಿಟರು ಹಿಂದಿನ ಗೋಡೆಗೆ ಹೋಗಿ ಅಪ್ಪಳಿಸಿತು, ಸಿಡಿದ ಚೂರೊಂದು ತಂಗಿಯ ಕೆನ್ನೆ ಗೀರಿತು.

ತಂಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ಮೇಸ್ತ್ರಿಗೆ ಅನುಕೂಲವಾಗುತ್ತಿತ್ತು, ಅವನೂ ಕೂಗಾಡಬಹುದಿತ್ತು. ಅವಳು ಕೆನ್ನೆಯ ರಕ್ತವನ್ನು ತೋಳಿಗೆ ಒರೆಸಿಕೊಂಡು ಎದ್ದು ನಿಂತಳು.

"ಅಣ್ಣಾ, ಕೇಳಿಸ್ಕೋ. ಇನ್ನೊಂದ್ಸಲ ಯಾರ ಮೇಲಾದ್ರೂ ಸರಿ, ಯಾವುದರ ಮೇಲಾದ್ರೂ ಸರಿ, ನೀನು ಕೈ ಮಾಡಿದ್ರೆ ನಾನು ನಿನ್ನ ಪಕ್ಕ ಕೂರಲ್ಲ. ಇನ್ಯಾವತ್ತೂ ಕೂರಲ್ಲ."

"ಮಾನಿಟರ್ ತಾನೇ ಕಣೆ? ಹೊಸದು ತಂದ್ರಾಯ್ತು."

"ಅತ್ತಿಗೆ ಹೋದಾಗಲೂ ಬಾಗಿಲು ತಾನೇ ಅಂದಿದ್ದೆ ನೀನು."

ಮೇಸ್ತ್ರಿಯ ಹೆಂಡತಿ ಬಿಟ್ಟುಹೋದದ್ದು ಅವನು ಮಲಗುವ ಕೋಣೆಯ ಬಾಗಿಲು ಒಡೆದ ಮರುದಿನ. ಅವಳ ಮೈಮೇಲೆ ಅವನು ಯಾವತ್ತೂ ಕೈ ಎತ್ತಿರಲಿಲ್ಲ, ನಿಜ. ಆದರೆ ಅವಳು ಹೋಗುವಾಗ ಹೇಳಿದ್ದು, ಬಾಗಿಲಾದ ಮೇಲೆ ಮುಂದಿನ ಸರದಿ ಯಾರದು ಅಂತ ಕಾಯ್ತಾ ಕೂರೋಕೆ ನನ್ನಿಂದಾಗಲ್ಲ ಎಂದು.

ಜಜ್ಜಿಹೋದ ವಾಹನಗಳ ಮೈ ತಟ್ಟಿ ಸರಿಮಾಡುವುದು ಮೇಸ್ತ್ರಿಯ ಕಸುಬು. ಬಾಗಿಲ ಒಳಮೈಗೆ ಉಕ್ಕಿನ ಗಟ್ಟಿ ಒತ್ತಿಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಸಣ್ಣಗೆ ತಟ್ಟುತ್ತ ಬಂದರೆ ಗುಂಡಿ ಎಲ್ಲಿತ್ತೆಂದು ಅಂಗೈಗೂ ತಿಳಿಯುತ್ತಿರಲಿಲ್ಲ. ಅಷ್ಟು ನಾಜೂಕು. ಅದೇ ಕೈ ಸಿಟ್ಟು ಬಂದರೆ ರಾಕ್ಷಸನದು. ಹಿಂದಿನ ಕೋಣೆಯಲ್ಲಿ ವಿಮಾನ ಹಾರಿಸಲು ಕೂರುವ ಕಾಕ್‌ಪಿಟ್ಟನ್ನು ಕಟ್ಟಿದ್ದೂ ಅವನೇ. ಅಪಘಾತದಲ್ಲಿ ನುಜ್ಜುಗುಜ್ಜಾದ ವ್ಯಾನೊಂದರ ಮುಂದಿನ ಎರಡು ಸೀಟು ಕಿತ್ತು ತಂದು, ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಿದ್ದ. ಎಡಗಡೆಯದು ತಂಗಿಯದು, ಬಲಗಡೆಯದು ಅವನದು. ಇಬ್ಬರ ನಡುವೆ ಒಂದು ಪರದೆ.

ತಂಗಿ ಟವರ್ ಕ್ರೇನ್ ಓಡಿಸುವವಳು. ಹಗಲೆಲ್ಲ ಆಕಾಶದಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೂತು, ಕೆಳಗಿನವನು ರೇಡಿಯೋದಲ್ಲಿ ಹೇಳಿದಂತೆ ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸುತ್ತಿದ್ದಳು. ಅವಳಿಗೆ ಅಲ್ಲಿ ಕಲಿಸಿದ್ದು ಒಂದೇ ಪಾಠ. ಮಾತು ಬಂತೆ, ಅದನ್ನೇ ತಿರುಗಿಸಿ ಹೇಳು, ಆಮೇಲೆ ಕೈ ಆಡಿಸು. ನಿಲ್ಲಿಸು ಎಂದರೆ ಯಾಕೆ ಎನ್ನದೆ ನಿಲ್ಲಿಸು. ಯಾಕೆ ಎಂದು ಕೇಳುವಷ್ಟರಲ್ಲಿ ಕೆಳಗೆ ಒಬ್ಬನ ತಲೆ ಹೋಗಿರುತ್ತದೆ.

ಇವರಿಬ್ಬರಿಗೆ ಹೊಡೆತದ ಪರಿಚಯ ಇಂದು ನಿನ್ನೆಯದಲ್ಲ. ಅಪ್ಪ ಬಾಯಲ್ಲಿ ಮಾತಾಡಿದ್ದು ಕಡಿಮೆ, ಬೆಲ್ಟಿನಲ್ಲಿ ಮಾತಾಡಿದ್ದೇ ಹೆಚ್ಚು. ಬೆಲ್ಟು ಮೇಲೆದ್ದಾಗಲೆಲ್ಲ ಅಣ್ಣ ತಂಗಿಯನ್ನು ಮಂಚದ ಕೆಳಗೆ ತಳ್ಳಿ ತಾನು ಬೆನ್ನು ಕೊಟ್ಟವನು. ಆ ಋಣ ತಂಗಿಗೆ ಗೊತ್ತು. ಬಂಧುಬಳಗದವರೆಲ್ಲ ಮೇಸ್ತ್ರಿಯ ಮನೆಯ ದಾರಿ ಮರೆತರೂ, ಅವಳು ಮಾತ್ರ ಕೆಲಸ ಮುಗಿಸಿ ಬಂದು ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದಳು. ಮೇಸ್ತ್ರಿಗೆ ಲೋಕದಲ್ಲಿ ಉಳಿದಿದ್ದ ಜನ ಎಂದರೆ ಆ ಒಂದು ಸೀಟಿನವಳು. ಅವಳೂ ಎದ್ದುಹೋದರೆ ಏನು ಗತಿ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಹಾಗಾಗಿ ತಂಗಿ ಹಾಕಿದ ಶಿಕ್ಷೆಯನ್ನು ಬಾಯಿ ಮುಚ್ಚಿಕೊಂಡು ಅನುಭವಿಸಿದ. ಹೊಸ ಮಾನಿಟರು ಬರುವವರೆಗೆ ದಿನಾ ಸಂಜೆ ಬರೀ ಗೋಡೆಯ ಮುಂದೆ ಕೂತು ಅಭ್ಯಾಸ. ಅವಳು "ನನ್ನ ಕೈಗೆ" ಎಂದ ತಕ್ಷಣ ಇವನು "ನಿನ್ನ ಕೈಗೆ" ಎಂದು ಹಿಡಿ ಬಿಟ್ಟು ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಬೇಕು. ಅವಳಾಗಿ ವಾಪಸು ಕೊಡುವವರೆಗೆ ಇಳಿಸಕೂಡದು. ಕೆಮ್ಮು ಬರಲಿ, ಮೂಗು ತುರಿಸಲಿ, ಇಳಿಸಕೂಡದು. ಒಮ್ಮೆ ಅವನನ್ನು ಹಾಗೆಯೇ ಕೂರಿಸಿ ಅವಳು ಒಳಗೆ ಹೋಗಿ ಟೀ ಕುಡಿದು ಬಂದಳು.

"ಇದೇನೆ, ಕಳ್ಳ ಸಿಕ್ಕಿಬಿದ್ದ ಹಾಗೆ!" ಎಂದು ಅವನು ಗೊಣಗಿದ.

"ಕಳ್ಳನೇ ನೀನು. ನನ್ನ ಕೈಲಿದ್ದ ವಿಮಾನ ಕದ್ದೋನು."

ಕೊನೆಕೊನೆಗೆ ಅವಳು ಅಡುಗೆಮನೆಯಿಂದ "ನನ್ನ ಕೈಗೆ" ಎಂದು ಕೂಗಿದರೂ, ಗ್ಯಾರೇಜಿನಲ್ಲಿ ಸುತ್ತಿಗೆ ಹಿಡಿದು ನಿಂತವನ ಕೈ ತಾನಾಗಿ ಬಿಡುವಷ್ಟು ಅದು ಮೈಗೆ ಹತ್ತಿತು. ಸುತ್ತಿಗೆ ಕಾಲಮೇಲೆ ಬಿದ್ದು ಅವನು ಕುಂಟುವುದನ್ನು ನೋಡಿ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನು ಪರದೆ ತರೋಣ ಎಂದಳು.

ಅಂಗಡಿ ದೊಡ್ಡದು. ಗೋಡೆಯ ತುಂಬ ಮಾನಿಟರುಗಳು, ಎಲ್ಲದರಲ್ಲೂ ಒಂದೇ ಮೀನು ಒಂದೇ ಕಡೆಗೆ ಈಜುತ್ತಿತ್ತು. ಅಂಗಡಿಯ ಹುಡುಗಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡವಳು, ವಿಮಾನ ಎಂದ ಕೂಡಲೇ ಅವರನ್ನು ಸೀದಾ ಬಾಗಿದ ಪರದೆಯ ಮುಂದೆ ಕರೆದುಕೊಂಡು ಹೋದಳು. ಮೂವತ್ತನಾಲ್ಕು ಇಂಚು, ಎರಡೂ ತುದಿ ಒಳಗೆ ಬಾಗಿ ಕೂತವರನ್ನು ಅಪ್ಪಿಕೊಳ್ಳುವ ಹಾಗಿತ್ತು.

"ಇದಕ್ಕಿಂತ ಬೇರೆ ಬೇಡವೇ ಬೇಡ ಸಾರ್. ಕಾಕ್‌ಪಿಟ್ ಒಳಗೇ ಕೂತ ಹಾಗಿರುತ್ತೆ."

"ಎರಡು ಸ್ಟೂಲ್ ಕೊಡ್ತೀರಾ?" ಎಂದಳು ತಂಗಿ.

ಸ್ಟೂಲು ಬಂದವು. ಇಬ್ಬರೂ ಸೀಟುಗಳಷ್ಟೇ ಅಂತರ ಬಿಟ್ಟು ಪಕ್ಕಪಕ್ಕ ಕೂತರು. ಹುಡುಗಿ ಮೀನು ತೆಗೆದು ಸಮುದ್ರದ ಚಿತ್ರ ಹಾಕಿದಳು. ತಂಗಿ ನಡುವೆ ಕೂತು ನೋಡಿದಳು, ಆಕಾಶ ಮುಟ್ಟುವ ಗೆರೆ ನೇರವಾಗಿತ್ತು. ಎಡಕ್ಕೆ ಸರಿದಳು, ಗೆರೆ ಬಾಳೆಕಾಯಿಯ ಹಾಗೆ ಸೊಟ್ಟಗಾಯಿತು. ಬಲಕ್ಕೆ ಕೂತ ಮೇಸ್ತ್ರಿಗೂ ಸೊಟ್ಟ.

"ಇದು ಒಂಟಿ ಜನಕ್ಕೆ ಮಾಡಿದ್ದು," ಎಂದ ಮೇಸ್ತ್ರಿ. "ಮಧ್ಯದಲ್ಲಿ ಕೂತೋನಿಗೆ ಸ್ವರ್ಗ, ಪಕ್ಕದೋನಿಗೆ ಕತ್ತುನೋವು. ನಾವು ಇಬ್ಬರು ಕಣಮ್ಮ. ಚಪ್ಪಟೆ ತೋರಿಸು."

ಚಪ್ಪಟೆಯವು ಹಲವು ಇದ್ದವು. ಒಂದರಲ್ಲಿ ಬಣ್ಣ ಚೆನ್ನ, ಪಕ್ಕದಿಂದ ನೋಡಿದರೆ ಮಸುಕು. ಇನ್ನೊಂದರ ಗಾಜಿನಲ್ಲಿ ಅಂಗಡಿಯ ದೀಪಗಳೆಲ್ಲ ಹೊಳೆದು, ಹಿಂದೆ ನಿಂತವರ ಮುಖವೂ ಕಾಣುತ್ತಿತ್ತು. ಮತ್ತೊಂದು ಅಗಲವೇನೋ ಸರಿ, ಅಂಕಿಗಳು ಮುದ್ದೆಮುದ್ದೆ. ಎತ್ತರ ತೋರಿಸುವ ಮುಳ್ಳನ್ನು ಓದಲಾಗದಿದ್ದರೆ ಗುಡ್ಡಕ್ಕೆ ಹೋಗಿ ಗುದ್ದುವುದೇ. ತಂಗಿ ಒಂದೊಂದರ ಮುಂದೆಯೂ ಸ್ಟೂಲು ಎಳೆದು ಕೂತು, ಎದ್ದು, ಮತ್ತೆ ಕೂತು ನೋಡಿದಳು. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ನೋಡಲ್ಲ ಎಂದು ಮೇಸ್ತ್ರಿ ಗೇಲಿ ಮಾಡಿದ. ಅವಳು ನಕ್ಕಳು. ಬಹಳ ದಿನಗಳ ಮೇಲೆ ಅವನಿಗೆ ಹಾಯೆನಿಸಿತ್ತು.

ಕೊನೆಗೆ ಸಿಕ್ಕಿತು. ನಲವತ್ತಮೂರು ಇಂಚು, ಚಪ್ಪಟೆ, ಹೊಳಪಿಲ್ಲದ ಗಾಜು. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಸಮುದ್ರ ನೇರ. ಇದರ ಬಿಚ್ಚದ ಪೆಟ್ಟಿಗೆ ಉಳಿದಿರುವುದು ಒಂದೇ ಎಂದು ಹುಡುಗಿ ಅದನ್ನು ತಂದಿಟ್ಟಳು. ತಂಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದೇ," ಎಂದಳು.

ಆಗ ಚರ್ಮದ ಜಾಕೀಟಿನವನೊಬ್ಬ ಬಂದ. ಭುಜ ಬಾಗಿಲಗಲ, ಬಾಯಲ್ಲಿ ಗಮ್. ಅಂಗಡಿಯ ಹುಡುಗಿಯ ಕಡೆ ನೋಡಿ, "ನಲವತ್ಮೂರರದ್ದು ನಂಗೆ ಹಾಕು," ಎಂದು ತಂಗಿಯ ಕೈಯನ್ನು ಪೆಟ್ಟಿಗೆಯ ಮೇಲಿಂದ ಎತ್ತಿ ಬದಿಗಿಟ್ಟ. ಎಂಜಲು ತಟ್ಟೆ ಸರಿಸುವ ಹಾಗೆ.

"ನಾವು ಆಗಲೇ ತಗೊಂಡಾಯ್ತು," ಎಂದಳು ತಂಗಿ.

"ಬಿಲ್ ಆಗಿದೆಯಾ? ಇಲ್ವಲ್ಲ. ಧಾರಾವಾಹಿ ನೋಡೋಕೆ ಯಾವುದಾದ್ರೂ ಸಾಕು ಬಿಡಮ್ಮ."

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಹಲ್ಲು ಕಚ್ಚಿ ಕೈಗಳನ್ನು ಜೇಬಿಗೆ ತುರುಕಿದ. ತಂಗಿ ಅವನ ಕಡೆ ನೋಡಿದ ನೋಟದಲ್ಲಿ ಬೇಡ ಎಂಬುದು ಇತ್ತು, ಭೇಷ್ ಎಂಬುದೂ ಇತ್ತು. ಅವಳು ಮತ್ತೆ ಪೆಟ್ಟಿಗೆ ಹಿಡಿದಳು. ಜಾಕೀಟಿನವನು ಆ ತುದಿಯಿಂದ ಪೆಟ್ಟಿಗೆಯನ್ನು ಜೋರಾಗಿ ನೂಕಿದ. ಅದರ ಮೂಲೆ ತಂಗಿಯ ಎದೆಗೆ ಬಡಿಯಿತು. ಅವಳು ಸ್ಟೂಲು ಎಡವಿ ನೆಲಕ್ಕೆ ಬಿದ್ದಳು.

ಮೇಸ್ತ್ರಿಯ ಕೈ ಜೇಬಿನಿಂದ ಹೊರಬಂದದ್ದು ಅವನಿಗೇ ತಿಳಿಯಲಿಲ್ಲ. ಮೊದಲ ಏಟು ಬಾಯಿಗೆ. ಗಮ್ಮಿನ ಜೊತೆ ಹಲ್ಲೂ ಬಿತ್ತು. ಎರಡನೆಯದು ಮೂಗಿಗೆ, ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಆಮೇಲೆ ಅವನು ಲೆಕ್ಕ ಇಡುವ ಸ್ಥಿತಿಯಲ್ಲಿರಲಿಲ್ಲ. ಜಾಕೀಟಿನವನನ್ನು ಮೇಜಿನ ಮೇಲೆ ಕೆಡವಿ, ಗಂಟಲಿಗೆ ಎರಡೂ ಹೆಬ್ಬೆರಳು ಒತ್ತಿದ. ಮೇಜಿನ ಮೇಲಿದ್ದ ಪರದೆಗಳು ಒಂದೊಂದಾಗಿ ಉರುಳಿ ನೆಲದಲ್ಲಿ ಒಡೆದವು. ಅಂಗಡಿಯ ಹುಡುಗಿ ಚೀರಿದಳು. ಗಿರಾಕಿಗಳು ಬಾಗಿಲ ಕಡೆ ಓಡಿದರು. ಕೆಳಗಿದ್ದವನ ಮುಖ ಕೆಂಪಾಗಿ, ನೀಲಿಯಾಗಿ, ಕಣ್ಣು ಮೇಲೆ ಸಿಕ್ಕಿಕೊಂಡಿತು. ಮೇಸ್ತ್ರಿ ಇನ್ನೂ ಒತ್ತಿದ. ಅಪ್ಪನ ಬೆಲ್ಟು, ಹೆಂಡತಿಯ ಬಾಗಿಲು, ಮಗುಚಿದ ವಿಮಾನ, ಎಲ್ಲ ಆ ಎರಡು ಹೆಬ್ಬೆರಳಿಗೆ ಇಳಿದಿದ್ದವು.

ಇವನು ಕೊಂದೇಬಿಡುತ್ತಾನೆ ಎಂದು ತಂಗಿಗೆ ಖಾತ್ರಿಯಾಯಿತು. "ಅಣ್ಣಾ ಬಿಡು" ಎಂದಳು, ಕೇಳಿಸಲಿಲ್ಲ. ಅಂಗಿ ಹಿಡಿದು ಎಳೆದಳು, ಹರಿಯಿತು. ಆಗ ಇಬ್ಬರ ಮಧ್ಯೆ ತಲೆ ತೂರಿಸಿ, ಕ್ರೇನಿನ ಮೇಲಿಂದ ಕೂಗುವ ಗಂಟಲಿನಲ್ಲಿ ಕೂಗಿದಳು.

"ನನ್ನ ಕೈಗೆ!"

"ನಿನ್ನ ಕೈಗೆ," ಎಂದ ಮೇಸ್ತ್ರಿ. ಎರಡೂ ಕೈ ಬಿಟ್ಟು ಭುಜದ ಮಟ್ಟಕ್ಕೆ ಎತ್ತಿದ.

ಜಾಕೀಟಿನವನು ಗೊರಗೊರ ಉಸಿರೆಳೆದುಕೊಂಡ. ಮೇಜಿನ ಮೇಲೆ ತಡಕಾಡಿದ ಅವನ ಕೈಗೆ ಮಾನಿಟರಿನ ಕಬ್ಬಿಣದ ಸ್ಟ್ಯಾಂಡು ಸಿಕ್ಕಿತು. ಅವನು ಬೀಸಿದ್ದು ಮೇಸ್ತ್ರಿಗೆ. ಆದರೆ ಎದುರಿಗಿದ್ದವಳು ತಂಗಿ. ಸ್ಟ್ಯಾಂಡಿನ ಅಂಚು ಅವಳ ಎಡ ಹುಬ್ಬಿನ ಕೆಳಗೆ ಕಚ್ಚಿತು. ಅವಳು ಮುಖ ಮುಚ್ಚಿಕೊಂಡು ಮೊಣಕಾಲೂರಿದಳು. ಬೆರಳ ಸಂದಿಯಿಂದ ರಕ್ತ ಸುರಿಯಿತು.

ಮೇಸ್ತ್ರಿಯ ಕೈ ಇನ್ನೂ ಮೇಲೆಯೇ ಇತ್ತು.

ಅವನು ನೋಡುತ್ತಿದ್ದ. ಸ್ಟ್ಯಾಂಡು ಮತ್ತೆ ಮೇಲೇಳುವುದನ್ನು ಕಂಡ, ಅದು ಇಳಿಯುವ ಜಾಗವನ್ನೂ ಕಂಡ. ಒಂದು ಹೆಜ್ಜೆ ಇಟ್ಟಿದ್ದರೆ, ಒಂದು ಕೈ ಅಡ್ಡ ಹಿಡಿದಿದ್ದರೆ ಸಾಕಿತ್ತು. ಆದರೆ ಅವಳು ವಾಪಸು ಕೊಟ್ಟಿರಲಿಲ್ಲ. ಹೊಡೆಯಬಾರದ ಕಡೆಯಲ್ಲೆಲ್ಲ ಹೊಡೆದು ಬಂದ ಆ ದರಿದ್ರ ಕೈಗಳು, ಹೊಡೆಯಲೇಬೇಕಾದ ಗಳಿಗೆಯಲ್ಲಿ ಒಳ್ಳೆಯ ಮಕ್ಕಳ ಹಾಗೆ ಮೇಲೆ ನಿಂತಿದ್ದವು. ಜಾಕೀಟಿನವನು ಎದುರಿಗೆ ಯಾರೆಂದು ನೋಡದೆ ಬೀಸಿದ ಎರಡನೆಯ ಏಟು ತಂಗಿಯ ಮುಖ ಮುಚ್ಚಿದ್ದ ಬೆರಳುಗಳ ಮೇಲೆಯೇ ಬಿತ್ತು. ಬೆರಳೂ ಮುರಿಯಿತು, ಅದರ ಕೆಳಗಿನದೂ ಹೋಯಿತು. ಕಾವಲಿನವರು ಓಡಿಬಂದು ಜಾಕೀಟಿನವನನ್ನು ನೆಲಕ್ಕೆ ಒತ್ತಿ ಹಿಡಿದಾಗಲೂ ಮೇಸ್ತ್ರಿ ಕೈ ಎತ್ತಿಕೊಂಡೇ ನಿಂತಿದ್ದ. ಇವನು ಶರಣಾಗಿದ್ದಾನೆಂದು ಅವರು ತಿಳಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸುತ್ತಿಬಳಸಲಿಲ್ಲ. ಎಡಗಣ್ಣು ಉಳಿಯಲಿಲ್ಲ ಎಂದರು. ಬೆರಳು ಕೂಡಿಕೊಳ್ಳುತ್ತದೆ, ಕಣ್ಣು ಇಲ್ಲ.

ಜಾಕೀಟಿನವನನ್ನು ಪೊಲೀಸರು ಒಳಗೆ ಹಾಕಿದ್ದರು. ಮೇಸ್ತ್ರಿಯನ್ನೂ ಕೂರಿಸಿಕೊಂಡು, ಬೈದು, ಕೇಸು ಹಾಕಿ ಕಳಿಸಿದರು. ಅವನ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಗ್ಯಾರೇಜಿಗೆ ಬಂದು, ಅರ್ಧ ಸರಿಮಾಡಿಟ್ಟಿದ್ದ ಯಾರದೋ ವಾಹನದ ಬಾಗಿಲಿನ ಮೇಲೆ ದೊಡ್ಡ ಸುತ್ತಿಗೆ ಎತ್ತಿದ. ತಗಡು ಹರಿಯುವವರೆಗೆ ಬಡಿದ. ಗಾಜು ಪುಡಿಯಾಗುವವರೆಗೆ ಬಡಿದ. ಆಮೇಲೆ ತನ್ನ ಬಲಗೈಯನ್ನು ಬೆಂಚಿನ ಮೇಲೆ ಚಾಚಿ, ಎಡಗೈಯಲ್ಲಿ ಸುತ್ತಿಗೆ ಹಿಡಿದು ಅದನ್ನೇ ದಿಟ್ಟಿಸಿದ. ಈ ಕೈ ಇದ್ದೂ ಪ್ರಯೋಜನವೇನು? ಧೈರ್ಯ ಸಾಲಲಿಲ್ಲ. ಬೆರಳಿನ ಬದಲು ಬೆಂಚು ಒಡೆದ. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು.

ತಂಗಿ ಮನೆಗೆ ಬಂದದ್ದು ಕಣ್ಣಿನ ಮೇಲೆ, ಒಂದು ಕೈಯ ಮುರಿದ ಬೆರಳುಗಳ ಮೇಲೆ ಬಿಳಿ ಪಟ್ಟಿ ಕಟ್ಟಿಕೊಂಡು. ಮೇಸ್ತ್ರಿ ಗಂಜಿ ಬಿಸಿಮಾಡಿ ತಂದಿಟ್ಟ, ಅವಳು ಕುಡಿದಳು. ಗಾಜಿನ ಲೋಟ ಇಡುವಾಗ ಮೇಜಿನ ಅಂಚು ಎಲ್ಲಿದೆಯೆಂದು ತಿಳಿಯದೆ ಗಾಳಿಯಲ್ಲಿಟ್ಟಳು. ಅದು ಬಿದ್ದು ಒಡೆಯಿತು.

"ಕ್ರೇನ್ ಕೆಲಸ ಹೋಯ್ತು," ಎಂದಳು. "ಒಂದು ಕಣ್ಣಲ್ಲಿ ದೂರ ಗೊತ್ತಾಗಲ್ಲ. ಕೆಳಗಿನೋರ ತಲೆ ಮೇಲೆ ಕಬ್ಬಿಣ ಇಳಿಸಿಬಿಡ್ತೀನಿ."

"ಅಷ್ಟೇ ಅಲ್ವಾ, ನಾನಿದ್ದೀನಲ್ಲ…"

"ವಿಮಾನಕ್ಕೆ ಒಂದು ಕಣ್ಣು ಸಾಕು. ಪರದೆ ಮೇಲೆ ಎಲ್ಲಾ ಚಪ್ಪಟೆನೇ. ಅಂಗಡಿಗೆ ಫೋನ್ ಮಾಡಿದ್ದೆ. ಸಂಜೆ ತಂದುಕೊಡ್ತಾರೆ."

ಮೇಸ್ತ್ರಿಯ ಎದೆ ಹಗುರಾಯಿತು. "ನಲವತ್ಮೂರರದ್ದಾ?"

"ಅಲ್ಲ. ಬಾಗಿರೋದು."

ಅದು ಪಕ್ಕದವನಿಗೆ ಸೊಟ್ಟ ಕಾಣಿಸುತ್ತೆ ಎಂದು ಹೇಳಹೊರಟವನಿಗೆ ಅರ್ಥವಾಯಿತು.

"ಬಲಗಡೆ ಸೀಟು ಬಿಚ್ಚು ಅಣ್ಣಾ. ನನ್ನದನ್ನ ನಡುವೆ ಕೂರಿಸು."

"ನೀನು ಬಿಡು ಅಂದೆ, ಬಿಟ್ಟೆ!" ಮೇಸ್ತ್ರಿ ಅಬ್ಬರಿಸಿದ. "ಬಿಟ್ಟಿದ್ದಕ್ಕೇ ಅಲ್ವೇನೇ ನಿನ್ನ ಕಣ್ಣು ಹೋಗಿದ್ದು? ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಅದಕ್ಕೆ ನಂಗೆ ಶಿಕ್ಷೆನಾ?"

"ಕೈ ಬಿಟ್ಟಿದ್ದಕ್ಕಲ್ಲ. ಕೈ ಹಾಕಿದ್ದಕ್ಕೆ."

"ಅವನು ನಿನ್ನ ಬೀಳಿಸಿದ!"

"ಬಿದ್ದೆ. ಎದ್ದೇಳ್ತಿದ್ದೆ." ಅವಳ ದನಿ ಏರಲಿಲ್ಲ. "ಇಷ್ಟು ವರ್ಷ ನಿನ್ನ ಪಕ್ಕ ಕೂತು ನಾನು ಎಂಜಿನ್ ಶಬ್ದ ಕೇಳಿಲ್ಲ ಅಣ್ಣಾ. ನಿನ್ನ ಉಸಿರು ಕೇಳಿದ್ದೀನಿ. ಜೋರಾಯ್ತಾ, ಇಳೀತಾ, ಈಗ ಗುದ್ದುತ್ತಾನಾ, ಆಮೇಲೆ ಗುದ್ದುತ್ತಾನಾ. ಅಪ್ಪ ಮನೆಗೆ ಬಂದಾಗ ಮಂಚದ ಕೆಳಗೆ ಕೂತು ಕೇಳ್ತಿದ್ದೆನಲ್ಲ, ಹಾಗೇ. ಒಂದ್ಸಲ ಬರೀ ಗಾಳಿ ಕೇಳಿಸ್ಕೊಂಡು ಹಾರಬೇಕು ನಾನು."

ಅಪ್ಪನ ಹೆಸರು ಎತ್ತಿದ್ದು ಮೇಸ್ತ್ರಿಯ ಕರುಳಿಗೆ ನಾಟಿತು. ಅಪ್ಪನ ಬೆಲ್ಟಿಗೆ ಬೆನ್ನು ಕೊಟ್ಟವನು ತಾನು, ಕೊನೆಗೆ ಅಪ್ಪನ ಸಾಲಿನಲ್ಲೇ ನಿಂತಿದ್ದ. ಅವನು ಕುಸಿದು ಅವಳ ಮುಂದೆ ಮೊಣಕಾಲೂರಿದ. ಒಡೆದ ಲೋಟದ ಚೂರು ಚುಚ್ಚಿದ್ದು ತಿಳಿಯಲಿಲ್ಲ.

"ಹೊಡಿ ನನ್ನ," ಎಂದ. "ನಿನ್ನ ಕಣ್ಣು ತಿಂದೋನು ನಾನು. ಹೊಡೆದು ತೀರಿಸ್ಕೋ, ಸೀಟು ಮಾತ್ರ ತೆಗೀಬೇಡ ಕಣೆ. ಹೊಡಿ!"

ತಂಗಿ ಜೀವಮಾನದಲ್ಲಿ ಯಾರಿಗೂ ಹೊಡೆದವಳಲ್ಲ. ಸೊಳ್ಳೆಯನ್ನು ಕೂಡ ಊದಿ ಓಡಿಸುವವಳು. ಪಟ್ಟಿ ಕಟ್ಟಿರದ ಕೈ ಎತ್ತಿ ಅಣ್ಣನ ಕೆನ್ನೆಗೆ ಬಾರಿಸಿದಳು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಮತ್ತೊಂದು ಬಿತ್ತು, ಇದು ಇನ್ನೂ ಜೋರು, ಅವನ ತುಟಿ ಒಡೆಯಿತು. ಮತ್ತೊಂದು. ಅವಳು ಎದ್ದು ನಿಂತು ಹೊಡೆಯತೊಡಗಿದಳು. ಕೆನ್ನೆ, ಕಿವಿ, ತಲೆ, ಎಲ್ಲಿ ಸಿಕ್ಕರೆ ಅಲ್ಲಿ. ಹೊಡೆತಕ್ಕೊಂದು ಉಸಿರು ಬಿಡುತ್ತಿದ್ದಳು. ಒಂದು ಏಟಿಗೆ ಅವನು ಪಕ್ಕಕ್ಕೆ ಬಿದ್ದ, ಬಿದ್ದವನ ಪಕ್ಕೆಗೆ ಒದ್ದಳು. ಆಮೇಲೆ ಕೈ ಮೇಲೆತ್ತಿದವಳು ಇದ್ದಕ್ಕಿದ್ದಂತೆ ನಿಂತಳು.

ಮೇಸ್ತ್ರಿ ಕಣ್ಣು ತೆರೆದು ನೋಡಿದ. ಅವಳು ಎತ್ತಿದ ಕೈಯನ್ನೇ ನೋಡುತ್ತಿದ್ದಳು. ಉಳಿದಿದ್ದ ಒಂದು ಕಣ್ಣಿನಲ್ಲಿ ಅವನು ಎಂದೂ ಕಾಣದಂಥ ಭಯವಿತ್ತು.

"ಹೊಡಿಯೇ," ಎಂದ ಅವನು. "ಯಾಕೆ ನಿಲ್ಲಿಸಿದೆ?"

"ಬೇಡ," ಎಂದಳು. ಆ ಕೈಯನ್ನು ಕಂಕುಳಲ್ಲಿ ಒತ್ತಿ ಬಚ್ಚಿಟ್ಟುಕೊಂಡಳು. "ಬೇಡ ಅಣ್ಣಾ. ಹಿತವಾಗ್ತಿದೆ."

ಆ ಹಿತ ಎಂಥದೆಂದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಪೊಲೀಸರಿಗೂ ಹೇಳಿರಲಿಲ್ಲ. ಅದು ತನ್ನೊಬ್ಬನ ರೋಗ, ತನ್ನೊಂದಿಗೇ ಮುಗಿಯುತ್ತದೆ ಎಂದುಕೊಂಡಿದ್ದ. ಅವನು ಗೋಡೆ ಹಿಡಿದು ಎದ್ದ. ತುಟಿಯ ರಕ್ತ ಒರೆಸಿಕೊಂಡು ಹಿಂದಿನ ಕೋಣೆಗೆ ಹೋಗಿ, ಸ್ಪ್ಯಾನರು ಹಿಡಿದು ಬಲಗಡೆಯ ಸೀಟಿನ ಬೋಲ್ಟುಗಳನ್ನು ಬಿಚ್ಚತೊಡಗಿದ.